ಎರಡು ಮರದ ಸಂಕ

ನನ್ನ ಬಲಗಾಲಿನ ಅಂಗಾಲು ಎಡಗಾಲನ್ನು ನೋಡುತ್ತಿತ್ತು. ಹಳ್ಳದ ಮೊಣಕಾಲುದ್ದ ನೀರಿನಲ್ಲಿ ಕುಳಿತಿದ್ದ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದು. ನೋವು ಆಮೇಲೆ ಬಂತು. ತಡವಾಗಿ ಬಂದ ನೆಂಟರ ಹಾಗೆ, ಬಂದದ್ದೇ ಮನೆಯೆಲ್ಲ ತುಂಬಿಕೊಂಡಿತು.

ಜೂನ್ ತಿಂಗಳ ಕೊನೆಯ ವಾರ. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ಕೆಲಸ ನಡೆದಿತ್ತು. ಹಳ್ಳಕ್ಕೆ ಅಡ್ಡಲಾಗಿ ಎರಡು ಅಡಿಕೆ ಮರ ಹಾಕಿದ ಸಂಕ ನಮ್ಮದು. ನಾನು ಹುಟ್ಟುವುದಕ್ಕೂ ಮೊದಲಿನಿಂದ ಅಲ್ಲೊಂದು ಸಂಕವಿದೆ, ಮರಗಳು ಮಾತ್ರ ಆಗಾಗ ಬದಲಾಗುತ್ತವೆ. ಹಿಂದಿನ ರಾತ್ರಿ ಬೆಂಗಳೂರಿನ ಬಸ್ಸು ಹತ್ತಿ ಬೆಳಗ್ಗೆ ಊರಿಗೆ ಬಂದಿಳಿದಿದ್ದ ನಾನು, ಕೆಲಸದವರಿಗೆ ಚಹಾದ ಕ್ಯಾನು ಹಿಡಿದು ಹೊರಟಿದ್ದೆ. ಪಾಚಿ ಕಟ್ಟಿದ ಮರದ ಮೇಲೆ ಜಾರಿದ ಕಾಲು ಎರಡು ಮರಗಳ ನಡುವಿನ ಸಂದಿಗೆ ಇಳಿಯಿತು. ಪಾದ ಅಲ್ಲೇ ಸಿಕ್ಕಿಕೊಂಡಿತು, ಮೈ ಬಲಕ್ಕೆ ವಾಲಿತು. ಇಬ್ಬರಲ್ಲಿ ಒಬ್ಬರು ಸೋಲಲೇಬೇಕಿತ್ತು. ಸೋತದ್ದು ಪಾದ.

ತಮ್ಮ ಮತ್ತು ಔಷಧಿ ಹೊಡೆಯುವವರು ಸೇರಿ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಅಂಗಳಕ್ಕೆ ತಂದರು. 'ಬಿಸಿ ಇರುವಾಗಲೇ ಒಂದು ಸಲ ಜಗ್ಗಿಬಿಡೋಣ' ಎಂದು ಒಬ್ಬ ಕೈ ಚಾಚಿದ. ಬಿಸಿ ಆರುವ ಮೊದಲೇ ಎಳೆಯಬೇಕು ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಅಷ್ಟರಲ್ಲಿ ಪಕ್ಕದ ಕೇರಿಯ ಅಜ್ಜನಿಗೆ ಸುದ್ದಿ ಹೋಗಿತ್ತು. ದನಗಳ ಮುರಿದ ಕಾಲಿನಿಂದ ಹಿಡಿದು ಮಕ್ಕಳ ಮೊಣಕೈವರೆಗೆ ಕಟ್ಟಿ ಹೆಸರಾದವರು ಅವರು. ಬಂದರು, ಚಪ್ಪಲಿ ಬಿಟ್ಟರು, ಪಾದದ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕುಳಿತರು. ಅವರು ಜಗ್ಗುತ್ತಾರೆ ಎಂದು ನಾನು ಹಲ್ಲು ಕಚ್ಚಿ ಕಾದಿದ್ದೆ. ಅವರು ಜಗ್ಗಲಿಲ್ಲ. 'ಇದು ನನ್ನ ಕೈಗೆ ಬಗ್ಗುವ ಕೀಲಲ್ಲ. ಕಾರು ತೆಗೆಯಿರಿ' ಎಂದರು. ಒಂದು ಅಗಲವಾದ ಅಡಿಕೆ ಹಾಳೆ ತರಿಸಿ, ಅದರೊಳಗೆ ಹಳೆಯ ಪಂಚೆ ಮಡಿಸಿಟ್ಟು, ಪಾದ ತಿರುಗಿದ್ದ ಹಾಗೆಯೇ ಅದರಲ್ಲಿ ಕೂರಿಸಿ, ಸಡಿಲವಾಗಿ ಕಟ್ಟಿದರು. ಇದ್ದ ಹಾಗೆಯೇ, ಅಲುಗದ ಹಾಗೆ. ಆ ದಿನ ನನ್ನ ಕಾಲಿಗೆ ಸಿಕ್ಕ ಮೊದಲ ಚಿಕಿತ್ಸೆ ಅದು. ಆಸ್ಪತ್ರೆಯಲ್ಲಿ ವೈದ್ಯರು ಹಾಳೆಯನ್ನು ಬಿಚ್ಚುತ್ತಾ, 'ಯಾರು ಕಟ್ಟಿದ್ದು?' ಎಂದು ಕೇಳಿದಾಗ ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ.

ಒಂದು ಪಾದದಲ್ಲಿ 26 ಮೂಳೆಗಳು, 33 ಕೀಲುಗಳು. ಯಾವ ಕೀಲು ತಪ್ಪಿತು ಎನ್ನುವುದರ ಮೇಲೆ ಕಥೆಯೇ ಬೇರೆಯಾಗುತ್ತದೆ. ನನಗೆ ತಪ್ಪಿದ್ದು ಹರಡಿನ, ಅಂದರೆ ಕಣಕಾಲಿನ, ಕೀಲಲ್ಲ, ಅದರ ಕೆಳಗಿನದು. ಕಾಲಿನ ಎರಡು ಉದ್ದ ಮೂಳೆಗಳ ಇಕ್ಕಳದೊಳಗೆ ಟೇಲಸ್ ಎಂಬ ಮೂಳೆ ಕುಳಿತಿರುತ್ತದೆ. ಅದರ ಕೆಳಗೆ ಹಿಮ್ಮಡಿಯ ಮೂಳೆ, ಮುಂದೆ ದೋಣಿಯಾಕಾರದ ನೇವಿಕ್ಯುಲರ್. ಟೇಲಸ್ ಇದ್ದಲ್ಲೇ ಇದ್ದು, ಉಳಿದ ಪಾದವೆಲ್ಲ ಅದರ ಅಡಿಯಿಂದ ಒಳಗಡೆಗೆ ಸರಿದುಹೋಗಿತ್ತು. ಒಂದೇ ಏಟಿಗೆ ಎರಡು ಕೀಲು. ಇದಕ್ಕೆ ಸಬ್‌ಟೇಲಾರ್ ಡಿಸ್‌ಲೊಕೇಶನ್ ಎನ್ನುತ್ತಾರೆ. ದೇಹದಲ್ಲಿ ಕೀಲು ತಪ್ಪುವ ಪ್ರಕರಣಗಳ ಪೈಕಿ ಇದರದು ನೂರಕ್ಕೆ ಒಂದೆರಡರ ಪಾಲು. ಹಾಗೆ ತಪ್ಪಿದವುಗಳಲ್ಲಿ ಹೆಚ್ಚಿನವು ನನ್ನದರಂತೆ ಒಳಕ್ಕೇ ತಿರುಗುತ್ತವೆ. ಬಾಸ್ಕೆಟ್‌ಬಾಲ್ ಆಟಗಾರರು ನೆಗೆದು ಇನ್ನೊಬ್ಬರ ಪಾದದ ಮೇಲೆ ಇಳಿದಾಗಲೂ ಹೀಗಾಗುವುದರಿಂದ ಅದಕ್ಕೆ 'ಬಾಸ್ಕೆಟ್‌ಬಾಲ್ ಪಾದ' ಎಂಬ ಅಡ್ಡಹೆಸರೂ ಇದೆಯಂತೆ. ನಾನು ಬಾಸ್ಕೆಟ್‌ಬಾಲ್ ಮುಟ್ಟಿದವರ ಪೈಕಿ ಅಲ್ಲ. ನನ್ನದನ್ನು 'ಸಂಕದ ಪಾದ' ಎನ್ನಬಹುದು.

ಟೇಲಸ್ ಒಂದು ವಿಚಿತ್ರ ಮೂಳೆ. ಅದಕ್ಕೆ ಒಂದೇ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಮೈಯ ಅರ್ಧಕ್ಕಿಂತ ಹೆಚ್ಚು ಭಾಗ ನುಣುಪಾದ ಮೃದ್ವಸ್ಥಿಯಿಂದಲೇ ಮುಚ್ಚಿರುವುದರಿಂದ ರಕ್ತನಾಳಗಳು ಒಳಹೋಗಲು ಉಳಿದಿರುವ ಜಾಗವೇ ಕಡಿಮೆ. ಒಕ್ಕಲಿಲ್ಲದ ಜಮೀನಿನ ಹಾಗೆ ಸುತ್ತಲಿನವರ ಆಸರೆಯಲ್ಲೇ ಅದು ಬದುಕಿದೆ. ಆಸರೆ ಹರಿದರೆ ಅದಕ್ಕೆ ರಕ್ತ ಸಿಗದೆ ಒಳಗೊಳಗೇ ಸಾಯುವ ಭಯವಿರುತ್ತದೆ. ಅದಕ್ಕಿಂತ ಬೇಗ ಬರುವ ಭಯ ಚರ್ಮದ್ದು. ನನ್ನ ಪಾದದ ಹೊರಮಗ್ಗುಲಲ್ಲಿ ಟೇಲಸ್‌ನ ತಲೆ ನಿಂಬೆಹಣ್ಣಿನ ಹಾಗೆ ಉಬ್ಬಿ ನಿಂತು, ಅದರ ಮೇಲಿನ ಚರ್ಮ ತಮಟೆಯಂತೆ ಬಿಗಿದು ಬಿಳಿಚಿಕೊಂಡಿತ್ತು. ಅದನ್ನು ತೋರಿಸುತ್ತಾ ವೈದ್ಯರು ನರ್ಸಿಗೆ, 'ಎಕ್ಸ್‌ರೇ ಬೇಗ ಬರಲಿ, ಈ ಚರ್ಮ ನಮಗಾಗಿ ಕಾಯುವುದಿಲ್ಲ' ಎಂದರು. ನಾನು ಕೇಳಿಸಿಕೊಳ್ಳಬಾರದಿತ್ತೇನೋ.

ಎಕ್ಸ್‌ರೇ ಬಂತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಸೊಂಟದ ಕೆಳಗೆ ನಾನು ಇಲ್ಲವಾದೆ. ಆದರೆ ಎಚ್ಚರವಿತ್ತು, ಕಿವಿ ಇತ್ತು. ಹಾಗಾಗಿ ನನ್ನದೇ ಕೀಲು ಕೂರಿಸುವುದನ್ನು ಪಕ್ಕದ ಕೋಣೆಯ ಗೋಡೆಗೆ ಕಿವಿಗೊಟ್ಟವರಂತೆ ಕೇಳಿದ್ದೇನೆ.

ಮೊದಲು ಮೊಣಕಾಲನ್ನು ಮಡಿಸಿದರು. ಪಾದ ಸರಿಮಾಡುವುದಕ್ಕೆ ಮೊಣಕಾಲೇಕೆ ಎಂದು ನನಗೆ ಆಮೇಲೆ ತಿಳಿಯಿತು. ಮೀನಖಂಡದ ದೊಡ್ಡ ಸ್ನಾಯು ಶುರುವಾಗುವುದೇ ಮೊಣಕಾಲಿನ ಮೇಲಿನಿಂದ. ಕಾಲು ನೀಡಿಕೊಂಡಿದ್ದರೆ ಅದು ಹಿಮ್ಮಡಿಯನ್ನು ಬಾವಿಯ ಹಗ್ಗದ ಹಾಗೆ ಮೇಲಕ್ಕೆ ಬಿಗಿದು ಹಿಡಿದಿರುತ್ತದೆ. ಮೊಣಕಾಲು ಮಡಿಸಿದರೆ ಹಗ್ಗ ಸಡಿಲ. ಒಬ್ಬರು ತೊಡೆಯನ್ನು ಹಿಡಿದುಕೊಂಡರು. ವೈದ್ಯರು ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದರಲ್ಲಿ ಪಾದದ ಮುಂಭಾಗ ಹಿಡಿದು ಎಳೆಯತೊಡಗಿದರು. ಜರ್ರನೆ ಅಲ್ಲ, ನಿಧಾನವಾಗಿ, ಒಂದೇ ಸಮನೆ. ಆಮೇಲೆ ಮಾಡಿದ್ದು ನನ್ನನ್ನು ಬೆರಗುಗೊಳಿಸಿತು. ಒಳಕ್ಕೆ ತಿರುಗಿದ್ದ ಪಾದವನ್ನು ಅವರು ಇನ್ನಷ್ಟು ಒಳಕ್ಕೆ ತಿರುಗಿಸಿದರು.

ಬೇಲಿಯ ಗಳುಗಳ ನಡುವೆ ತಲೆ ತೂರಿಸಿಕೊಂಡು ಒದ್ದಾಡುವ ಕರುವನ್ನು ಬಿಡಿಸಿದವರಿಗೆ ಇದು ಅರ್ಥವಾಗುತ್ತದೆ. ಕಿವಿ ಹಿಡಿದು ಹಿಂದಕ್ಕೆ ಎಳೆದಷ್ಟೂ ಅದು ಬಿಗಿಯುತ್ತದೆ. ಮೊದಲು ಇನ್ನಷ್ಟು ಮುಂದಕ್ಕೆ ದೂಡಿ, ಕತ್ತು ಓರೆ ಮಾಡಿ, ಹೋದ ದಾರಿಯಲ್ಲೇ ಹಿಂದಕ್ಕೆ ತರಬೇಕು. ಕೀಲೂ ಹಾಗೆಯೇ. ತಪ್ಪುವಾಗ ಯಾವ ದಾರಿಯಲ್ಲಿ ಹೋಯಿತೋ ಆ ದಾರಿಯ ಬಾಯಿಯನ್ನು ಮತ್ತೆ ತೆರೆಯಬೇಕು. ವೈದ್ಯರ ಹೆಬ್ಬೆರಳು ಟೇಲಸ್‌ನ ತಲೆಯ ಮೇಲೆ ಒತ್ತಿತ್ತು. ಪಾದ ಹೊರಕ್ಕೆ ತಿರುಗಿತು, ಮೇಲಕ್ಕೆ ಬಾಗಿತು. 'ಟೊಕ್' ಎಂದು ಒಂದು ಸದ್ದು. ಮರದ ಅಗುಳಿ ತೂತಿಗೆ ಕೂರುವಾಗ ಬರುತ್ತದಲ್ಲ, ಅದೇ ಸದ್ದು. ಎಲ್ಲ ಸೇರಿ ಎರಡು ನಿಮಿಷವಾಗಿರಬಹುದು.

ಎಲ್ಲರಿಗೂ ಹೀಗೆ ಸಲೀಸಾಗುವುದಿಲ್ಲ. ಕೆಲವು ಸಲ ಟೇಲಸ್‌ನ ತಲೆ ಪಾದದ ಮೇಲ್ಭಾಗದ ಅಂಗಾಂಶದ ಪಟ್ಟಿಗಳ ನಡುವೆ ಗುಂಡಿ ಹಾಕಿದ ಹಾಗೆ ಸಿಕ್ಕಿಕೊಂಡುಬಿಡುತ್ತದೆ. ಪಾದ ಹೊರಕ್ಕೆ ತಿರುಗಿದವರಲ್ಲಿ ಒಳಮಗ್ಗುಲಿನ ಒಂದು ಸ್ನಾಯುರಜ್ಜು ಜಾರಿ ಅಡ್ಡ ಬರುತ್ತದೆ. ಆಗ ಎಷ್ಟು ಎಳೆದರೂ ಪ್ರಯೋಜನವಿಲ್ಲ. ಕೊಯ್ದು ಬಿಡಿಸುವುದೇ ಸರಿ, ಅದೂ ತಡಮಾಡದೆ. ಕೀಲು ಕೂರಿತೇ, ಕೂತದ್ದು ನಿಲ್ಲುತ್ತದೆಯೇ, ನಡುವೆ ಏನಾದರೂ ಸಿಕ್ಕಿಕೊಂಡಿದೆಯೇ: ಆಪರೇಷನ್ ಬೇಕೋ ಬೇಡವೋ ಎನ್ನುವುದನ್ನು ಈ ಮೂರು ಪ್ರಶ್ನೆಗಳು ತೀರ್ಮಾನಿಸುತ್ತವೆ. ರೋಗಿಯ ಧೈರ್ಯವಾಗಲಿ ವೈದ್ಯರ ದುರಾಸೆಯಾಗಲಿ ತೀರ್ಮಾನಿಸುವುದಿಲ್ಲ. ಇದನ್ನು ಹೇಳಲು ಕಾರಣವಿದೆ. ಮುಂದಿನ ಆರು ವಾರ ನನ್ನನ್ನು ನೋಡಲು ಬಂದವರಲ್ಲಿ ಎರಡು ಪಂಗಡವಿತ್ತು. 'ಆಪರೇಷನ್ ಮಾಡಲಿಲ್ಲವೇ? ಬರೀ ಎಳೆದು ಕಳಿಸಿದರೇ?' ಎಂದು ನನ್ನ ಚಿಕಿತ್ಸೆ ಅರ್ಧಕ್ಕೆ ನಿಂತಿದೆ ಎಂಬಂತೆ ಮರುಗಿದವರು ಒಂದು. 'ಸದ್ಯ, ಕೊಯ್ಯಲಿಲ್ಲವಲ್ಲ, ಬಚಾವಾದೆ' ಎಂದವರು ಇನ್ನೊಂದು. ಕೊಯ್ಯದಿರುವುದು ಅಗ್ಗದ ಚಿಕಿತ್ಸೆಯೂ ಅಲ್ಲ, ಪುಣ್ಯದ ಫಲವೂ ಅಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಯಿತು. ಕೊನೆಗೆ ನಗುವುದನ್ನು ಕಲಿತೆ.

ಕೀಲು ಕೂತ ಮೇಲೆ ಪಾದದ ಮೇಲಿನ ನಾಡಿ ನೋಡಿದರು, ಮತ್ತೆ ಎಕ್ಸ್‌ರೇ ತೆಗೆದರು, ಮರುದಿನ ಸಿಟಿ ಸ್ಕ್ಯಾನ್ ಮಾಡಿಸಿದರು. ಪಾದ ತಿರುಗಿದ್ದಾಗ ಮೂಳೆಗಳು ಒಂದರ ಮೇಲೊಂದು ಬಿದ್ದು ಎಕ್ಸ್‌ರೇಯಲ್ಲಿ ಅಡಗಿಕೊಳ್ಳುವ ಚೂರುಗಳು ಸ್ಕ್ಯಾನಿನಲ್ಲಿ ಕಾಣುತ್ತವೆ. ಕೀಲಿನೊಳಗೆ ಚೂರು ಉಳಿದರೆ ಬೀಸುವ ಕಲ್ಲಿನಲ್ಲಿ ಹರಳು ಸಿಕ್ಕಿದಂತೆ ಅದು ದಿನವೂ ಸವೆಸುತ್ತದೆ. ನನ್ನದರಲ್ಲಿ ಅಕ್ಕಿಕಾಳಿನಷ್ಟು ಒಂದು ಚೂರು, ಅದೂ ಕೀಲಿನ ಹೊರಗೆ. ಬಿಟ್ಟುಬಿಡಿ ಎಂದರು. ಊತ ಇಳಿಯುವವರೆಗೆ ಕಾಲಿನ ಹಿಂಬದಿಗೆ ಮಾತ್ರ ಅರ್ಧ ಪಟ್ಟಿ, ಆಮೇಲೆ ಸುತ್ತಲೂ ಪೂರ್ತಿ. ಗಟ್ಟಿಯಾಗುವ ಪಟ್ಟಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸವರುವ ಉಪಾಯವನ್ನು 1851ರಲ್ಲಿ ಕಂಡುಕೊಂಡವರು ಡಚ್ ಸೇನೆಯ ವೈದ್ಯ ಆಂಟೋನಿಯಸ್ ಮಥೈಸೆನ್. ಅದಕ್ಕೂ ಮೊದಲು ಜಗತ್ತು ಏನು ಮಾಡುತ್ತಿತ್ತು ಎಂಬ ಪ್ರಶ್ನೆಗೆ ಉತ್ತರ ನಮ್ಮ ಅಂಗಳದಲ್ಲೇ ಇತ್ತು: ಹಾಳೆ, ಬಿದಿರಿನ ದಬ್ಬೆ, ಮರದ ತೊಗಟೆ.

ಮಂಚದ ಮೇಲೆ ಬಿದ್ದವರಿಗೆ ಓದಲು ಪುರುಸೊತ್ತು ಬೇಕಾದಷ್ಟು. ಅಪ್ಪನ ಕಪಾಟಿನಲ್ಲಿದ್ದ ಸುಶ್ರುತ ಸಂಹಿತೆಯ ಅನುವಾದವನ್ನು ಎದೆಯ ಮೇಲಿಟ್ಟುಕೊಂಡು ಓದಿದೆ. ಮೂಳೆ ಮುರಿಯುವುದನ್ನೂ ಕೀಲು ತಪ್ಪುವುದನ್ನೂ ಅದು ಬೇರೆ ಬೇರೆಯಾಗಿಯೇ ಹೇಳುತ್ತದೆ. ಕೀಲು ತಪ್ಪುವುದರಲ್ಲಿ ಆರು ಬಗೆ, ಮೂಳೆ ಮುರಿಯುವುದರಲ್ಲಿ ಹನ್ನೆರಡು. ಮಾಡಬೇಕಾದ ಕೆಲಸ ನಾಲ್ಕು: ಎಳೆಯುವುದು, ಒತ್ತುವುದು, ಕೂಡಿಸುವುದು, ಕಟ್ಟುವುದು. ದಬ್ಬೆಗೆ ಹಿಪ್ಪೆ, ಅತ್ತಿ, ಅಶ್ವತ್ಥ, ಮುತ್ತುಗ, ಮತ್ತಿಯ ತೊಗಟೆ, ಬಿದಿರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಕಟ್ಟಿನ ಬಿಗಿಯ ಬಗೆಗಿನ ಮಾತು. ತೀರಾ ಸಡಿಲವಾದರೆ ಕೀಲು ನಿಲ್ಲುವುದಿಲ್ಲ, ತೀರಾ ಬಿಗಿಯಾದರೆ ಚರ್ಮ ಊದಿ, ನೋಯ್ದು, ಕೀವಾಗುತ್ತದೆ. ಆದ್ದರಿಂದ ಎರಡರ ನಡುವಿನ ಹದವೇ ಸರಿ ಎನ್ನುತ್ತದೆ. ಚಳಿಯ ಕಾಲದಲ್ಲಿ ಏಳು ದಿನಕ್ಕೊಮ್ಮೆ, ಹದವಾದ ಹವೆಯಲ್ಲಿ ಐದು ದಿನಕ್ಕೆ, ಬೇಸಿಗೆಯಲ್ಲಿ ಮೂರು ದಿನಕ್ಕೆ ಬಿಚ್ಚಿ ಕಟ್ಟಬೇಕಂತೆ. ಬರೆದವರು ಕಟ್ಟಿನೊಳಗಿನ ಬೆವರನ್ನು ಬಲ್ಲವರು. ಜುಲೈ ತಿಂಗಳ ಮಲೆನಾಡಿನಲ್ಲಿ ಪಟ್ಟಿಯೊಳಗೆ ತುರಿಕೆ ಎದ್ದಾಗ ಅವರ ಮೇಲೆ ನನಗೆ ಗೌರವ ಇಮ್ಮಡಿಸುತ್ತಿತ್ತು. ಕೊಡೆಯ ಕಡ್ಡಿ ತೂರಿಸಿ ತುರಿಸಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ತೂರಿಸಲಿಲ್ಲ ಎಂದು ಇಲ್ಲಿ ಬರೆದರೆ ನನ್ನ ತಮ್ಮ ಓದಿ ನಗುತ್ತಾನೆ.

ಸಲಹೆಗಳಿಗೆ ಬರವಿರಲಿಲ್ಲ. ಹುಣಸೆಹಣ್ಣು, ಉಪ್ಪು ಕುದಿಸಿ ಹಚ್ಚು. ಸಂದುಬಳ್ಳಿ ಅರೆದು ಹಾಕು. ಕಾಲು ಮುಂದಾಗಿ ಹುಟ್ಟಿದವರ ಕೈಯಲ್ಲಿ, ಅಲ್ಲ, ಕಾಲಲ್ಲಿ ನೀವಿಸಿಕೊ. ಉಳುಕಿಗೆ ಅವರ ಒದೆತವೇ ಮದ್ದು ಎನ್ನುವುದು ನಮ್ಮಲ್ಲಿ ಹಳೆಯ ನಂಬಿಕೆ. ಕೋಲಾರದ ಕಡೆಯ ಗೆಳೆಯನಂತೂ ದಿನಕ್ಕೊಮ್ಮೆ ಫೋನು ಮಾಡಿ ಪುತ್ತೂರಿಗೆ ಹೋಗು ಎಂದು ಒತ್ತಾಯಿಸಿದ. ನಮ್ಮ ಕಡೆಯವರಿಗೆ ಪುತ್ತೂರು ಎಂದರೆ ದಕ್ಷಿಣ ಕನ್ನಡದ ಪುತ್ತೂರು, ಮಹಾಲಿಂಗೇಶ್ವರನ ಜಾತ್ರೆ. ಅವನು ಹೇಳಿದ್ದು ತಿರುಪತಿಯ ಹತ್ತಿರದ ಪುತ್ತೂರು. 19ನೇ ಶತಮಾನದಿಂದ ಅಲ್ಲಿನ ಒಂದು ಮನೆತನ ಬಿದಿರಿನ ದಬ್ಬೆ, ಸೊಪ್ಪಿನ ಅರೆತ, ಮೊಟ್ಟೆ, ಬಟ್ಟೆಯಲ್ಲಿ ಮೂಳೆ ಕಟ್ಟುತ್ತಾ ಬಂದಿದೆ. ಬೆಂಗಳೂರಿನ ಗಲ್ಲಿಗಳಲ್ಲೂ 'ಪುತ್ತೂರು ಕಟ್ಟು' ಎಂಬ ಬೋರ್ಡುಗಳನ್ನು ನೀವು ನೋಡಿರುತ್ತೀರಿ. ಆ ಊರಿಗೂ ಈ ಬೋರ್ಡುಗಳಿಗೂ ಎಷ್ಟು ನೆಂಟಸ್ತಿಕೆಯೋ!

ನಾಟಿ ಕಟ್ಟಿನವರನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಎಳೆಯುವ, ಒತ್ತುವ ಕೈಗುಣ ಅವರಲ್ಲಿ ಹಲವರಿಗೆ ಇದೆ. ಆದರೆ ಎಳೆಯುವುದಕ್ಕೆ ಮುಂಚೆ ಒಳಗೆ ಏನಾಗಿದೆ ಎಂದು ನೋಡುವುದು, ಎಳೆದ ಮೇಲೆ ನಿಜವಾಗಿ ಕೂತಿದೆಯೇ ಎಂದು ನೋಡುವುದು, ಈ ಎರಡು ಕಣ್ಣುಗಳು ಇಲ್ಲದೆ ಕೈಗುಣ ಜೂಜಾಗುತ್ತದೆ. ನನ್ನನ್ನು ನೋಡಿದ ಅಜ್ಜ ಆ ಜೂಜಾಡಲಿಲ್ಲ. 'ಆಪರೇಷನ್ ಇಲ್ಲದೆ ಗುಣ' ಎಂದು ಬರೆಸಿಕೊಂಡವರಲ್ಲಿ ಎಷ್ಟು ಜನ 'ಇದು ನನ್ನ ಕೈಗೆ ಬಗ್ಗುವುದಲ್ಲ' ಎಂದಾರು? ಕಟ್ಟಿದ್ದು ಯಾರೇ ಇರಲಿ, ಬೆರಳುಗಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ, ಸಹಿಸಲಾಗದ ನೋವೆದ್ದರೆ ಬೆಳಗಾಗಲಿ ಎಂದು ಕಾಯಬಾರದು. ಬಿಗಿದ ಕಟ್ಟು ರಾತ್ರಿ ಬೆಳಗಾಗುವುದರೊಳಗೆ ಕಾಲನ್ನೇ ತಿನ್ನಬಲ್ಲದು.

ಪಟ್ಟಿ ಬದಲಿಸಲು ಹೋದ ದಿನ ಸಾಲಿನಲ್ಲಿ ಪಕ್ಕಕ್ಕೆ ಕುಳಿತಿದ್ದವನಿಗೆ ಮಂಚದ ಕಾಲಿಗೆ ಎಡವಿ ಕಿರುಬೆರಳ ಕೀಲು ತಪ್ಪಿತ್ತು. ಬೆರಳ ಬುಡಕ್ಕೆ ಮರಗಟ್ಟಿಸುವ ಇಂಜೆಕ್ಷನ್, ಒಂದು ಎಳೆತ, ಪಕ್ಕದ ಬೆರಳಿಗೆ ಸೇರಿಸಿ ಟೇಪು. ಮೂರು ವಾರ ಹಾಗೆಯೇ ಇರಲಿ ಎಂದು ಕಳಿಸಿದರು. ನನ್ನನ್ನು ನೋಡಿ ಅವನಿಗೆ ನಾಚಿಕೆಯಾದ ಹಾಗಿತ್ತು. ಹೆಬ್ಬೆರಳಿನ ಬುಡದ ಕೀಲು ಅಷ್ಟು ಸುಲಭದ್ದಲ್ಲ. ಅಲ್ಲಿ ಕೆಳಗಿರಬೇಕಾದ ಎರಡು ಪುಟ್ಟ ಮೂಳೆಗಳು ಒಟ್ಟಾಗಿಯೇ ಜಾರಿ ಮೂಳೆಯ ತಲೆಯ ಮೇಲೆ ಬಂದು ಕೂತರೆ, ಎಳೆದಷ್ಟೂ ಉರುಳಿನಂತೆ ಬಿಗಿಯುತ್ತದೆ.

ನಿಜವಾಗಿ ಮೋಸ ಮಾಡುವುದು ಪಾದದ ನಡುಭಾಗ. ನೆಪೋಲಿಯನ್ ಕಾಲದ ಫ್ರೆಂಚ್ ಶಸ್ತ್ರವೈದ್ಯ ಜಾಕ್ ಲಿಸ್‌ಫ್ರಾಂಕ್‌ನ ಹೆಸರು ಹೊತ್ತ ಕೀಲುಗಳ ಸಾಲು ಅಲ್ಲಿದೆ. ಕುದುರೆಯಿಂದ ಬಿದ್ದವರ ಪಾದ ರಿಕಾಪಿನಲ್ಲಿ ಸಿಕ್ಕಿ ತಿರುಚಿದಾಗ ಆಗುತ್ತಿದ್ದ ಗಾಯ ಈಗ ಬೈಕಿನವರಿಗೆ, ಮೆಟ್ಟಿಲು ತಪ್ಪಿದವರಿಗೆ ಆಗುತ್ತದೆ. ಪಾದ ತಿರುಗಿ ಕಾಣುವುದಿಲ್ಲ, ಸ್ವಲ್ಪ ಊದಿರುತ್ತದೆ ಅಷ್ಟೆ. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಎಲ್ಲ ಸರಿಯಾಗಿಯೇ ಕಾಣಬಹುದು. ಐದರಲ್ಲಿ ಒಂದು ಮೊದಲ ಸಲ ಕಣ್ತಪ್ಪುತ್ತದೆ ಎನ್ನುತ್ತಾರೆ. ಗುರುತು ಹಿಡಿಯಲು ಅಂಗಾಲನ್ನು ನೋಡಬೇಕು. ಅಂಗಾಲಿನ ನಡುವೆ ರಕ್ತ ಹೆಪ್ಪುಗಟ್ಟಿದ ನೀಲಿ ಕಲೆ ಇದ್ದರೆ, ಭಾರ ಹಾಕಿ ನಿಂತು ಎಕ್ಸ್‌ರೇ ತೆಗೆಸಬೇಕು. ನಿಂತಾಗಲೂ ಮೂಳೆಗಳು ಸರಿಯದಿದ್ದರೆ ಪಟ್ಟಿ ಹಾಕಿ, ಆರು ವಾರ ಕಾಲೂರದೆ ಇದ್ದರೆ ಸಾಕು. ಸರಿದರೆ ಸ್ಕ್ರೂ ಬೇಕು. ನನ್ನ ಸೋದರತ್ತೆ ಇಂಥದನ್ನೇ 'ಉಳುಕು' ಎಂದು ಎಂಟು ತಿಂಗಳು ಎಣ್ಣೆ ತಿಕ್ಕಿಕೊಂಡು ನಡೆದರು. ಈಗಲೂ ದೇವಸ್ಥಾನದ ಪ್ರದಕ್ಷಿಣೆ ಮೂರರಲ್ಲಿ ಎರಡಕ್ಕೆ ಮುಗಿಯುತ್ತದೆ.

ಇನ್ನೊಬ್ಬರು, ಸಕ್ಕರೆ ಕಾಯಿಲೆಯ ಮಾವ, ನನ್ನನ್ನು ನೋಡಲು ಬಂದು ತಮ್ಮ ಪಾದ ತೋರಿಸಿದರು. ಕೆಂಪಾಗಿ, ಬಿಸಿಯಾಗಿ ಊದಿತ್ತು. 'ನೋವೇ ಇಲ್ಲ, ಆದ್ದರಿಂದ ಏನೂ ಇಲ್ಲ' ಎಂದರು. ನೋವಿಲ್ಲದಿರುವುದೇ ಅಲ್ಲಿನ ಅಪಾಯ. ನರಗಳು ಸತ್ತ ಪಾದದಲ್ಲಿ ಕೀಲುಗಳು ಸದ್ದಿಲ್ಲದೆ ಕಳಚಿಕೊಳ್ಳುತ್ತವೆ, ಮನುಷ್ಯ ಅದರ ಮೇಲೆಯೇ ನಡೆದಾಡುತ್ತಿರುತ್ತಾನೆ. ಅದಕ್ಕೂ ಮೊದಲ ಮದ್ದು ಪಾದಕ್ಕೆ ಒತ್ತಿ ಕೂರುವ ಪಟ್ಟಿ ಮತ್ತು ತಿಂಗಳುಗಟ್ಟಲೆ ವಿರಾಮ. ಮಾವನನ್ನು ತಮ್ಮ ಅದೇ ಸಂಜೆ ಕಾರಿನಲ್ಲಿ ಕೂರಿಸಿಕೊಂಡು ಹೋದ.

ಆರನೆಯ ವಾರದ ಕೊನೆಗೆ ನನ್ನ ಪಟ್ಟಿ ಬಿಚ್ಚಿದರು. ಒಳಗಿದ್ದದ್ದು ನನ್ನ ಕಾಲಲ್ಲ. ಮೀನಖಂಡ ಕರಗಿ ನುಗ್ಗೆಕಾಯಿಯಾಗಿತ್ತು, ಚರ್ಮ ಈರುಳ್ಳಿ ಸಿಪ್ಪೆಯಂತೆ ಏಳುತ್ತಿತ್ತು. ಈ ಕೀಲು ಮತ್ತೆ ತಪ್ಪುವ ಭಯ ಕಡಿಮೆ, ಬಿಗಿಯಾಗುವ ಭಯ ಹೆಚ್ಚು ಎಂದು ವೈದ್ಯರು ಹೇಳಿದ್ದರು. ವ್ಯಾಯಾಮ ಕಲಿಸುವಾಕೆ ಮಂಚದ ಅಂಚಿನಿಂದ ಕಾಲು ಇಳಿಬಿಟ್ಟು ಹೆಬ್ಬೆರಳಿನಿಂದ ಗಾಳಿಯಲ್ಲಿ ಎ, ಬಿ, ಸಿ, ಡಿ ಬರೆಯಲು ಹೇಳಿದಳು. ಬರೆದೆ. ಎ, ಇ, ಎಫ್, ಎಚ್, ಎಲ್ಲ ಕಡ್ಡಿ ಮುರಿದಂತಹ ಗೆರೆಗಳು. ಪಾದ ಮೇಲೆ ಕೆಳಗೆ ಆಡಿದರೆ ಮುಗಿಯಿತು. ಮರುದಿನ ನಾನೇ ಕನ್ನಡ ಅಕ್ಷರಮಾಲೆಗೆ ಬದಲಾಯಿಸಿಕೊಂಡೆ. ನಮ್ಮ ಅಕ್ಷರಗಳು ಕೀಲಿಗಾಗಿಯೇ ಹುಟ್ಟಿದವೇನೋ! 'ಅ' ಬರೆಯಲು ಪಾದ ಒಳಕ್ಕೂ ಹೊರಕ್ಕೂ ಸುತ್ತಿ ಬರಬೇಕು. 'ಇ'ಗೆ ಸುರುಳಿಯೊಳಗೆ ಸುರುಳಿ. 'ಋ' ಬಂದಾಗ ಕಣ್ಣಲ್ಲಿ ನೀರು ಬಂತು. 'ಞ' ತಲುಪಲು ಹನ್ನೊಂದು ದಿನ ಹಿಡಿಯಿತು. ಒಂದನೆಯ ತರಗತಿಯಲ್ಲೂ ಅದೇ ಅಕ್ಷರಕ್ಕೆ ನಾನು ಪೆಟ್ಟು ತಿಂದದ್ದು.

ಬೆಂಗಳೂರಿಗೆ ಮರಳಿದ ಮೇಲೆ ನನಗೆ ಏನೂ ಕೊರತೆ ತಿಳಿಯಲಿಲ್ಲ. ಟೈಲ್ಸ್ ನೆಲ, ಲಿಫ್ಟು, ಕಚೇರಿಯ ಕಾರ್ಪೆಟ್ಟು. ನಾನು ಪೂರ್ತಿ ಗುಣವಾಗಿದ್ದೇನೆ ಎಂದೇ ನಂಬಿದ್ದೆ. ದೀಪಾವಳಿಗೆ ಊರಿಗೆ ಬಂದು ತೋಟದ ಬದುವಿನ ಮೇಲೆ ಹತ್ತು ಹೆಜ್ಜೆ ಇಟ್ಟಾಗ ಗೊತ್ತಾಯಿತು. ಹರಡಿನ ಕೀಲು ಪಾದವನ್ನು ಮೇಲೆ ಕೆಳಗೆ ಆಡಿಸುತ್ತದೆ. ಅದರ ಕೆಳಗಿನ ಈ ಕೀಲು ಪಾದವನ್ನು ಓರೆ ಮಾಡುತ್ತದೆ, ಎಡಕ್ಕೊಂದಿಷ್ಟು, ಬಲಕ್ಕೊಂದಿಷ್ಟು. ಕಲ್ಲು, ಬೇರು, ಬಿದ್ದ ಅಡಿಕೆ, ಇಳಿಜಾರಿನ ಬದು, ಇವುಗಳ ಜೊತೆ ಮಾತಾಡುವುದೇ ಅದರ ಕೆಲಸ. ಸಪಾಟು ನೆಲದ ಮೇಲೆ ಬದುಕುವವರಿಗೆ ಇಂಥದೊಂದು ಕೀಲು ಇದೆ ಎಂದು ತಿಳಿಯದೆಯೇ ಆಯುಸ್ಸು ಮುಗಿಯಬಹುದು. ಎಪ್ಪತ್ತೆರಡರ ಅಪ್ಪ ನನ್ನ ಮುಂದೆ ಬರಿಗಾಲಲ್ಲಿ ಹೋಗುತ್ತಿದ್ದರು. ಅವರ ಹಿಮ್ಮಡಿಯನ್ನೇ ನೋಡುತ್ತಾ ಹೋದೆ. ಪ್ರತಿ ಹೆಜ್ಜೆಗೂ ಅದು ಒಂದೊಂದು ಕಡೆಗೆ ವಾಲಿ, ನೆಲವನ್ನು ಕೇಳಿಕೊಂಡು, ಮುಂದೆ ಹೋಗುತ್ತಿತ್ತು. ನನ್ನದು ಮರದ ಕಾಲಿನ ಹಾಗೆ ಊರುತ್ತಿತ್ತು.

ಅಂದಿನಿಂದ ಬೆಳಗ್ಗೆ ಹಲ್ಲುಜ್ಜುವಾಗ ಬಲಗಾಲ ಮೇಲೆ ಒಂಟಿ ನಿಲ್ಲುತ್ತೇನೆ, ಮೊದಲು ನೆಲದ ಮೇಲೆ, ಈಗ ಮಡಿಸಿದ ಕಂಬಳಿಯ ಮೇಲೆ. ರಜೆಗೆ ಬಂದಾಗಲೆಲ್ಲ ಬದುವಿನ ಮೇಲೆ ನಡೆಯುತ್ತೇನೆ. ಓರೆಯಾಗುವುದು ಇನ್ನೂ ಎಡಗಾಲಿನಷ್ಟಿಲ್ಲ. ಅರ್ಧಕ್ಕಿಂತ ಹೆಚ್ಚು ಬಂದಿದೆ ಎಂದು ಕಳೆದ ತಪಾಸಣೆಯಲ್ಲಿ ಹೇಳಿದರು.

ಈ ಜೂನ್‌ನಲ್ಲಿ ಕೊಳೆ ಔಷಧಿಯ ಹೊತ್ತಿಗೆ ಊರಿಗೆ ಹೋದಾಗ ತಮ್ಮ ಸಂಕಕ್ಕೆ ಮೂರನೆಯ ಮರ ಹಾಕಿಸಿದ್ದ. ಸಂದಿಗಳಿಗೆ ದಬ್ಬೆ ಬಡಿದಿದ್ದ, ಹಿಡಿದುಕೊಳ್ಳಲು ಒಂದು ಕಡೆ ಬಿದಿರು ಕಟ್ಟಿದ್ದ. ನಾನು ಚಹಾದ ಕ್ಯಾನನ್ನು ಎಡಗೈಗೆ ಬದಲಾಯಿಸಿಕೊಂಡು ಬಿದಿರು ಹಿಡಿದು ದಾಟಿದೆ. ಆಚೆ ದಡದಲ್ಲಿ ಅಜ್ಜ ಕವಳ ಹಾಕುತ್ತಾ ಕುಳಿತಿದ್ದರು. ಅವರು ನೋಡಿದ್ದು ನನ್ನ ಮುಖವನ್ನಲ್ಲ, ಪಾದವನ್ನು. 'ಇನ್ನೂ ಸ್ವಲ್ಪ ಬಿಗಿ ಇದೆ' ಎಂದು ಹೇಳಿ, ಚಹಾಕ್ಕೆ ಲೋಟ ಮುಂದೆ ಹಿಡಿದರು.